ಯಾರೂ ಹಾಕದ ಎಣ್ಣೆ

ನಮ್ಮ ದೊಡ್ಡ ಭಾವನನ್ನು ಮಾಡುವಾಗ ದೇವರು ಒಂದು ಹಾರ್ನ್ ಇಡಲು ಮರೆತಿದ್ದಾನೆ. ಅದೊಂದು ಇದ್ದಿದ್ದರೆ ಅವರನ್ನು ಸೀದಾ ಆರ್‌ಟಿಒ ಆಫೀಸಿಗೆ ಕರೆದುಕೊಂಡು ಹೋಗಿ ನಂಬರ್ ಬರೆಸಿಕೊಂಡು ಬರಬಹುದಿತ್ತು!

ಭಾವ ಎಂದರೆ ನಮ್ಮ ಮನೆಯವರ ಅಣ್ಣ. ಕಾಪುವಿನಲ್ಲಿ, ಸಮುದ್ರದ ಸದ್ದು ಅಡುಗೆಮನೆಗೆ ಕೇಳುವಷ್ಟು ಹತ್ತಿರದ ಒಂದೇ ಮನೆಯಲ್ಲಿ ನಾವೆಲ್ಲ ಇರುವುದು. ಕಾರ್ಕಳದ ಕಡೆಯ ಕೋರೆಗಳಿಂದ ಕೆಂಪುಕಲ್ಲು ಹೇರಿಕೊಂಡು ಬಂದು ಉಡುಪಿ, ಮಣಿಪಾಲದಲ್ಲಿ ಮನೆ ಕಟ್ಟುವವರಿಗೆ ಇಳಿಸುವುದು ಅವರ ಕೆಲಸ. ಲಾರಿ ಹಳೆಯ ಕಾಲದ್ದು, ಮೂಗು ಮುಂದಕ್ಕೆ ಚಾಚಿಕೊಂಡದ್ದು. ಭಾವನ ಮೂಗೂ ಹಾಗೆಯೇ. ಇಬ್ಬರನ್ನೂ ಒಟ್ಟಿಗೆ ನೋಡಿದವರು ಒಂದೇ ತಾಯಿಯ ಮಕ್ಕಳೆಂದು ಆಣೆ ಮಾಡಿ ಹೇಳಬಹುದು.

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಭಾವ ಹಣೆ ಮುಟ್ಟಿ ನೋಡುವುದಿಲ್ಲ. "ರೇಡಿಯೇಟರಿಗೆ ನೀರು ಹಾಕಿದ್ದೀಯಾ?" ಎಂದು ಕೇಳುತ್ತಾರೆ. ನನ್ನ ಮಗಳನ್ನು ನೋಡಲು ಹುಡುಗನ ಕಡೆಯವರು ಬಂದಿದ್ದಾಗ ಹುಡುಗನನ್ನು ಅಂಗಳದಲ್ಲಿ ಒಂದು ಸುತ್ತು ನಡೆಸಿ, ಕಣ್ಣು ಕಿರಿದು ಮಾಡಿ ನೋಡಿ, "ಸ್ವಲ್ಪ ಬಲಕ್ಕೆ ಎಳೀತದೆ. ಅಲೈನ್‌ಮೆಂಟ್ ನೋಡ್ಬೇಕು" ಎಂದುಬಿಟ್ಟರು! ನಾನು ಅಡುಗೆಮನೆಯಲ್ಲಿ ನಿಂತು ಎಲ್ಲ ದೇವರನ್ನೂ ಕರೆದೆ. ಪುಣ್ಯಕ್ಕೆ ಹುಡುಗ ನಕ್ಕ. ಈಗ ನಮ್ಮ ಅಳಿಯ. ನಡೆಯುವಾಗ ಈಗಲೂ ಬಲಕ್ಕೇ ಎಳೆಯುತ್ತಾನೆ, ಆ ಮಾತು ಬೇರೆ.

ಮೊಣಕಾಲು ಮಾತ್ರ ಭಾವನ ದೇಹದಲ್ಲಿ ಕೆಟ್ಟ ಪಾರ್ಟು. ಕ್ಲಚ್ ತುಳಿದು ತುಳಿದು ಸವೆದದ್ದು. ದೇವಸ್ಥಾನದಲ್ಲಿ ನೆಲದ ಪಂಕ್ತಿಗೆ ಕೂರುವುದಿಲ್ಲ, ಕುರ್ಚಿಯೇ ಆಗಬೇಕು. ಕೈಯಿಂದ ನಾಣ್ಯ ಜಾರಿ ಬಿದ್ದರೆ ಬಗ್ಗಿ ಎತ್ತುವುದೂ ಇಲ್ಲ. "ಇರಲಿ, ಭೂಮಿತಾಯಿಗೂ ಖರ್ಚಿರ್ತದೆ" ಎಂದು ಮುಂದೆ ಹೋಗುತ್ತಾರೆ. ಅವರ ಹಿಂದೆ ನಡೆದು ನಾನು ಎಷ್ಟೋ ಸಲ ಭೂಮಿತಾಯಿಯ ಖರ್ಚಿನ ಹಣವನ್ನು ಹೆಕ್ಕಿ ದೇವರ ಡಬ್ಬಿಗೆ ಹಾಕಿದ್ದೇನೆ.

ಇನ್ನು ನಮ್ಮ ಮನೆಯ ಒಂದು ಕ್ರಮ ಹೇಳಬೇಕು. ಲಾರಿ ಮೊದಲು ಮನೆಗೆ ಬಂದ ದಿನ ನಮ್ಮ ಅತ್ತೆ ಒಂದು ಕಟ್ಟಳೆ ಹಾಕಿದ್ದರಂತೆ: ಬೆಳಿಗ್ಗೆ ದೇವರ ದೀಪಕ್ಕೆ ಎಣ್ಣೆ ಉಂಟಾ ಎಂದು ನೋಡುವ ಹೆಂಗಸೇ ಲಾರಿಗೂ ಎಣ್ಣೆ ಉಂಟಾ ಎಂದು ನೋಡಬೇಕು, ಆಮೇಲೆಯೇ ಗಂಡಸು ಲಾರಿ ಹೊರಡಿಸಬೇಕು. ಆ ಕೆಲಸ ಭಾವನ ಹೆಂಡತಿಯ ಪಾಲಿಗೆ ಬಂತು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದದ್ದು. ಅಕ್ಕ ಗಿಡ್ಡ. ದೀಪ ಹಚ್ಚಿ, ಅದೇ ಮಡಿ ಸೀರೆಯಲ್ಲಿ ಒಂದು ಮರದ ಸ್ಟೂಲ್ ಹಿಡಿದುಕೊಂಡು ಲಾರಿಯ ಹತ್ತಿರ ಬರುತ್ತಿದ್ದರು. ಸ್ಟೂಲ್ ಹತ್ತಿ, ಬಾನೆಟ್ ಎತ್ತಿ, ಎಂಜಿನ್ನಿಗೆ ಚುಚ್ಚಿದ ಉದ್ದದ ಕಡ್ಡಿ ಎಳೆದು, ಒರೆಸಿ, ಮತ್ತೆ ಚುಚ್ಚಿ, ಮತ್ತೆ ಎಳೆದು ನೋಡುವುದು. ಕಡ್ಡಿಯಲ್ಲಿ ಎರಡು ಗೆರೆ. ಎಣ್ಣೆ ಎರಡರ ನಡುವೆ ನಿಲ್ಲಬೇಕು.

ಅಕ್ಕನ ಕೈ ದೊಡ್ಡದು. ಸಾರಿಗೆ ಬೆಲ್ಲವಾಗಲಿ, ಲಾರಿಗೆ ಎಣ್ಣೆಯಾಗಲಿ, ಒಂದು ಪಾಲು ಜಾಸ್ತಿಯೇ.

"ಅಷ್ಟು ಹಾಕ್ಬೇಡ ಮಾರಾಯ್ತಿ, ಮೇಲಿನ ಗೆರೆ ದಾಟ್ತದೆ!" ಎಂದು ಭಾವ ಕೂಗುವುದು.

"ದಾಟಲಿ. ದಾರಿ ದೂರ ಉಂಟಲ್ಲ" ಎಂದು ಅಕ್ಕ.

ಆಮೇಲೆ ಸ್ಟೂಲಿನಿಂದ ಇಳಿದು, ಅದನ್ನು ಎತ್ತಲು ಬಗ್ಗಿದಾಗ, ಎಣ್ಣೆಯ ಬೆರಳನ್ನು ಪಕ್ಕದ ಕಂಬದ ಬುಡಕ್ಕೆ ಒರೆಸಿ ಒಳಗೆ ಹೋಗುವುದು. ಲಾರಿ ನಿಲ್ಲಲೆಂದು ಹಾಕಿದ ಶೀಟಿನ ಮಾಡಿನ ಕಂಬ ಅದು. ಬಿಳಿ ಬಣ್ಣದ್ದು. ಮೊಣಕಾಲಿನ ಎತ್ತರದಲ್ಲಿ ಕಪ್ಪು ಕಪ್ಪು ಬೆರಳಿನ ಗುರುತುಗಳು, ಒಂದರ ಮೇಲೊಂದು. "ಉಂಟಾ?" ಎಂದು ಭಾವ ಕ್ಯಾಬಿನ್ನಿನಿಂದ ಕೇಳುವುದು, "ಉಂಟು" ಎಂದು ಅಕ್ಕ ಒಳಗಿನಿಂದ ಹೇಳುವುದು. ಆ ಒಂದು ಮಾತು ಕೇಳದೆ ಭಾವ ಚಾವಿ ತಿರುಗಿಸಿದ್ದೇ ಇಲ್ಲ.

ಅಕ್ಕ ತೀರಿಹೋದರು. ಸಣ್ಣ ಜ್ವರ ಎಂದು ಮಲಗಿದವರು ಏಳಲಿಲ್ಲ. ನರಳಲಿಲ್ಲ, ಯಾರ ಕೈಯಲ್ಲೂ ಹೇಸಿಗೆ ತೆಗೆಸಿಕೊಳ್ಳಲಿಲ್ಲ, ಅದೊಂದು ದೇವರ ದಯೆ. ದೀಪವೂ ಲಾರಿಯ ಕಡ್ಡಿಯೂ ನನ್ನ ಪಾಲಿಗೆ ಬಂದವು. ನನಗೆ ಸ್ಟೂಲ್ ಬೇಡ, ನಾನು ಎತ್ತರ. ಬೆರಳನ್ನು ಚಿಂದಿಬಟ್ಟೆಗೆ ಒರೆಸುತ್ತೇನೆ.

ದೊಡ್ಡ ವರ ಕೇಳುವ ಧೈರ್ಯ ನನಗೆ ಎಂದೂ ಇರಲಿಲ್ಲ. ಒಣಗಲು ಹಾಕಿದ ಬಟ್ಟೆ ಮಳೆಗಿಂತ ಮೊದಲು ನನ್ನ ಕೈಗೆ ಸಿಕ್ಕಿದರೆ, ಮಟ್ಟುಗುಳ್ಳ ಬದನೆ ಕೊಯ್ದಾಗ ಒಳಗೆ ಹುಳ ಇಲ್ಲದಿದ್ದರೆ, ನಿಂತಲ್ಲಿಂದಲೇ ದೇವರಿಗೆ ಕೈಮುಗಿಯುವವಳು ನಾನು. ಹಾಗಿರುವಾಗ, ಮಳೆಗಾಲ ಶುರುವಾದ ಹೊಸತರಲ್ಲಿ ಒಂದು ಬೆಳಿಗ್ಗೆ ಕಡ್ಡಿ ಎಳೆದು ನೋಡಿದರೆ ಎಣ್ಣೆ ಮೇಲಿನ ಗೆರೆಯನ್ನೂ ದಾಟಿ ನಿಂತಿತ್ತು! ಹಿಂದಿನ ವಾರ ನಡುವಿನಲ್ಲಿದ್ದದ್ದು ನನ್ನ ಕಣ್ಣಾರೆ ಕಂಡದ್ದು. ಆಮೇಲೆ ಕೆಳಗಿನ ಗೆರೆ ದಾಟಿದೆಯಾ ಎಂದಷ್ಟೇ ನೋಡಿ ಬಿಟ್ಟಿದ್ದೆ. ನಾನು ಹಾಕಿಲ್ಲ. ಭಾವ ಹಾಕಿಲ್ಲ. ಎಣ್ಣೆಯ ಕ್ಯಾನಿನ ಸೀಲ್ ಕೂಡ ಒಡೆದಿಲ್ಲ. ನನಗೆ ಹೆದರಿಕೆ ಆಯಿತೇ? ಇಲ್ಲ, ಸಂತೋಷ ಆಯಿತು! ದೀಪದಲ್ಲಿ ಎಣ್ಣೆ ಜಾಸ್ತಿಯಾಯಿತು ಎಂದು ಯಾವ ಹೆಂಗಸಾದರೂ ಅತ್ತದ್ದುಂಟೇ? ನಮ್ಮ ಅತ್ತೆ ಹೇಳಿಕೊಟ್ಟದ್ದು ಕೆಳಗಿನ ಗೆರೆಯ ಭಯ ಮಾತ್ರ. ಮೇಲಿನ ಗೆರೆಗೆ ಹೆದರಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ.

"ಉಂಟಾ?" ಎಂದರು ಭಾವ.

"ಉಂಟು ಭಾವ! ಜಾಸ್ತಿಯೇ ಉಂಟು! ಗೆರೆ ದಾಟಿದೆ!"

ತಲೆಯೆತ್ತಿ ನೋಡಿದರೆ ಭಾವನ ಮುಖ ಅರಳಿನ ಹಾಗೆ ಬಿಳಿಚಿಕೊಂಡಿತ್ತು. ಮೆಲ್ಲಗೆ ಇಳಿದು ಬಂದರು. ಕಡ್ಡಿ ನೋಡಿದರು. ನನ್ನನ್ನು ನೋಡಿದರು. "ನಾನು ಹಾಕ್ಲಿಲ್ಲ" ಎಂದೆ. "ಗೊತ್ತುಂಟು" ಎಂದರು. ಗೆರೆ ದಾಟುವಷ್ಟು ಹಾಕುವ ಕೈ ನಮ್ಮ ಮನೆಯಲ್ಲಿ ಒಂದೇ ಇದ್ದದ್ದು ಎಂದು ಆಗ ನನಗೂ ಹೊಳೆಯಿತು. ಸಂತೋಷ ಎಲ್ಲಿ ಹೋಯಿತೋ! ಬೆನ್ನಿಗೆ ಯಾರೋ ತಣ್ಣೀರಿನ ಕೈ ಇಟ್ಟ ಹಾಗಾಯಿತು.

ಕಣ್ಣು ತಗ್ಗಿಸಿದರೆ ಎದುರಿಗೆ ಕಂಬ. ಬುಡದಲ್ಲಿ ಅಕ್ಕನ ಹಳೆಯ ಗುರುತುಗಳು ಧೂಳು ಕುಡಿದು ಬೂದಿ ಬಣ್ಣಕ್ಕೆ ತಿರುಗಿದ್ದವು. ಅವುಗಳ ನಡುವೆ ಒಂದು ಹೊಸತು. ಒದ್ದೆ. ಕಪ್ಪಗೆ ಹೊಳೆಯುತ್ತಿತ್ತು.

"ಭಾವ, ಇದು ನೋಡಿ, ಇದು..."

"ಎಂತದು ನೋಡುವುದು! ಹೋಗು, ಒಲೆಯಲ್ಲಿ ಹಾಲಿಟ್ಟಿರ್ತೀಯಾ" ಎಂದು ಗದರಿದರು. ಒಲೆಯಲ್ಲಿ ಹಾಲಿರಲಿಲ್ಲ. ಆದರೂ ಓಡಿದೆ.

ನಮ್ಮ ಮನೆಯವರು ಮಣಿಪಾಲದಲ್ಲಿ ಆಫೀಸ್ ಕೆಲಸದವರು. ಕಣ್ಣಿಗೆ ಕಾಣದ್ದನ್ನು ನಂಬುವವರಲ್ಲ, ಕಂಡದ್ದನ್ನೂ ಅರ್ಧ ಮಾತ್ರ. "ಎಣ್ಣೆ ಏರುವುದಿಲ್ಲ ಮಾರಾಯ್ತಿ, ಲಾರಿ ಇಳಿಜಾರಿನಲ್ಲಿ ನಿಂತಿದೆ. ಎಣ್ಣೆ ಒಂದು ಬದಿಗೆ ಸರಿದು ಕಡ್ಡಿಗೆ ಜಾಸ್ತಿ ತಾಗ್ತದೆ" ಎಂದರು. ಸರಿ, ಲಾರಿಯನ್ನು ಮಾರ್ಗದ ಬದಿಯ ಸಮತಟ್ಟಿನಲ್ಲಿ ನಿಲ್ಲಿಸಿದ್ದಾಯಿತು. ಎಂಜಿನ್ ತಣಿಯಲು ಬಿಟ್ಟು, ಎಣ್ಣೆಯೆಲ್ಲ ಕೆಳಗಿಳಿದ ಮೇಲೆ ನೋಡಿದ್ದಾಯಿತು. ಗೆರೆಯ ಮೇಲೆಯೇ ಉಂಟು! "ಹಾಗಾದರೆ ಅಣ್ಣ ಹಿಂದೆ ಎಣ್ಣೆ ಬದಲಿಸಿದಾಗ ಜಾಸ್ತಿ ಹಾಕಿರಬೇಕು" ಎಂದರು. ಅಡಿಯ ಬೋಲ್ಟ್ ಸಡಿಲಿಸಿ ಜಾಸ್ತಿಯಾದದ್ದನ್ನು ಬಾಟಲಿಗೆ ಇಳಿಸಿ, ಗೆರೆಯ ಕೆಳಗೆ ತಂದದ್ದೂ ಆಯಿತು. ಭಾವ ಕಾರ್ಕಳಕ್ಕೆ ಕೆಲವು ಟ್ರಿಪ್ ಹೊಡೆದು ಬಂದರು. ಕಡ್ಡಿ ಎಳೆದೆ. ಗೆರೆಯ ಮೇಲೆ! ನಮ್ಮ ಮನೆಯವರು ಕನ್ನಡಕ ಒರೆಸಿ ನೋಡಿದರು. ಆಮೇಲೆ, "ನನಗೆ ಬಸ್ಸಿಗೆ ಹೊತ್ತಾಯ್ತು" ಎಂದರು. ಅದು ಭಾನುವಾರ!

ನಾನು ಹೆದರಿ ಹೆದರಿ ಸಣ್ಣಗಾದೆ. ಮೂರ್ಸಂಜೆಯ ಹೊತ್ತಿಗೆ ಕಾಪುವಿನ ದೀಪಸ್ತಂಭದ ಬೆಳಕು ಸುತ್ತು ಹೊಡೆದು ಬಂದು ಲಾರಿಯ ಗಾಜನ್ನು ಒಮ್ಮೆ ಸವರಿ ಹೋಗುತ್ತದೆ. ಆ ಕ್ಷಣಕ್ಕೆ ಎಡಗಡೆಯ ಸೀಟಿನಲ್ಲಿ ಯಾರೋ ಕೂತು ತಲೆ ತಿರುಗಿಸಿದ ಹಾಗೆ ಕಾಣುತ್ತಿತ್ತು. ಬೆಳಕು ಮತ್ತೆ ಬರುವವರೆಗೆ ಉಸಿರು ಹಿಡಿದು ನಿಲ್ಲುವುದು, ಬಂದಾಗ ಕಣ್ಣು ಮುಚ್ಚುವುದು! ಕಂಬದ ಬುಡದಲ್ಲಿ ಗುರುತುಗಳು ಹೆಚ್ಚುತ್ತಲೇ ಇದ್ದವು. ಚೌತಿಗೆ ಮೊದಲು ಕಂಬಕ್ಕೆ ಬಣ್ಣ ಹೊಡೆಸೋಣ ಎಂದು ನಮ್ಮ ಮನೆಯವರು ಬಾಯಿ ತೆಗೆದದ್ದೇ ತಪ್ಪಾಯಿತು. "ಆ ಕಂಬಕ್ಕೆ ಬ್ರಷ್ ತಾಗಿದ್ರೆ ನಾನು ಲಾರಿಯಲ್ಲೇ ಮಲಗ್ತೇನೆ, ಅನ್ನವೂ ಅಲ್ಲಿಗೇ ತಂದುಕೊಡಿ!" ಎಂದು ಭಾವ ಗುಡುಗಿದರು.

ಎಲ್ಲರೂ ಹೆದರುತ್ತಿರುವಾಗ ಈ ಮನುಷ್ಯ ಮಾತ್ರ ದಿನದಿಂದ ದಿನಕ್ಕೆ ಗೆಲುವಾದರು! ಅಕ್ಕ ಹೋದ ಮೇಲೆ ಕನ್ನಡಿ ನೋಡದವರು ಈಗ ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಕಲ್ಲು ತರಲು ಹೊರಟರು. ಒಂದು ದಿನ ಪಕ್ಕದ ಮನೆಯ ಹೆಂಗಸು ಮಳೆಗೆ ನೆನೆದುಕೊಂಡು ನಮ್ಮ ಬಾಗಿಲಿಗೇ ಬಂದರು.

"ಎಂತ ನಿಮ್ಮ ಭಾವ ಹಾಗೆ? ಕಾರ್ಕಳದಲ್ಲಿ ಬಸ್ಸಿಗೆ ಕಾಯ್ತಿದ್ದೆ, ಲಾರಿ ಕಂಡು ಕೈ ತೋರಿಸಿದೆ. ನಿಲ್ಲಿಸಿ, 'ಸೀಟು ಖಾಲಿ ಇಲ್ಲ' ಅಂದ್ರು. ಪಕ್ಕದ ಸೀಟಿನಲ್ಲಿ ಯಾರೂ ಇರ್ಲಿಲ್ಲ ಮಾರಾಯ್ರೆ!"

"ಇರ್ಲಿಲ್ವಾ?" ಎಂದೆ.

"ಇದ್ರು ಅಂತ ಹೇಳ್ತೀರಾ ನೀವು?" ಎಂದು ಅವರು ನನ್ನ ಮುಖ ನೋಡಿದರು. ಆಮೇಲೆ ಕಾಫಿಯನ್ನೂ ಕುಡಿಯದೆ ಹೊರಟುಹೋದರು. ಇಂದಿಗೂ ಅವರು ನಮ್ಮ ಲಾರಿ ಕಂಡರೆ ಮಾರ್ಗದ ಆಚೆ ಬದಿಗೆ ದಾಟುತ್ತಾರೆ.

ಇಷ್ಟಾದ ಮೇಲೆ ಭಾವ ಒಂದು ಸಂಜೆ ಬಾಟಲಿ ಹಿಡಿದುಕೊಂಡು ಒಳಗೆ ಬಂದರು. ಲಾರಿಯಿಂದ ಇಳಿಸಿದ ಎಣ್ಣೆ. "ಇದನ್ನೂ ಒಂದು ತೊಟ್ಟು ದೀಪಕ್ಕೆ ಹಾಕು" ಎಂದರು, ಪ್ರಸಾದ ಕೊಟ್ಟ ಹಾಗೆ ಎರಡು ಕೈಯಲ್ಲಿ ಚಾಚಿ.

"ಭಾವ! ದೇವರ ದೀಪಕ್ಕೆ ಲಾರಿಯ ಎಣ್ಣೆಯಾ?"

"ಅವಳು ಕೊಟ್ಟದ್ದು."

ಎಂತ ಹೇಳುವುದು ಇಂಥವರಿಗೆ? ದೇವರ ಕೋಣೆಗೆ ಬೇಡ, ಲಾರಿಯ ಚಕ್ರದ ಹತ್ತಿರ ಒಂದು ಮಣ್ಣಿನ ಹಣತೆ ಇಡುತ್ತೇನೆ ಎಂದು ರಾಜಿ ಮಾಡಿಸಿದೆ. ಹಣತೆಗೆ ಸುರಿಯುವಾಗಲೇ ನನ್ನ ಕೈ ತಡೆಯಿತು. ಅಕ್ಕ ಇದ್ದಾಗ ಕಂಡ ಎಣ್ಣೆ ಕ್ಯಾನಿನಿಂದ ಬೆಲ್ಲದ ಪಾಕದ ಹಾಗೆ ಎಳೆಯಾಗಿ ಬೀಳುತ್ತಿತ್ತು. ಇದು ಸಾರಿನ ತಿಳಿಯ ಹಾಗೆ ಸುರಿಯಿತು. ಬತ್ತಿಗೆ ಬೆಂಕಿ ಮುಟ್ಟಿಸಿದೆನೋ ಇಲ್ಲವೋ, ಭಗ್ಗೆಂದು ಎದ್ದಿತು! ಕಪ್ಪು ಹೊಗೆ, ಹಾವಿನ ಹಾಗೆ ಸುತ್ತಿಕೊಂಡು ನೇರ ಕಂಬದ ಕಡೆಗೆ ಹೋಯಿತು. ಭಾವ ಕೈಮುಗಿದರು. ನಾನು ಮಾತ್ರ ಮೂಗು ಮುಂದೆ ಮಾಡಿದೆ. ವಾಸನೆ! ಹಿಂದೆ ಕರೆಂಟು ಹೋದಾಗ ಹಚ್ಚುತ್ತಿದ್ದ ಚಿಮಿಣಿ ದೀಪದ ನೆನಪಾಯಿತು. ಅದರ ಅಣ್ಣನಂಥ ವಾಸನೆ. ಪೆಟ್ರೋಲ್ ಬಂಕಿನದ್ದು.

"ಭಾವ, ಇದರಲ್ಲಿ ಡೀಸೆಲ್ ಉಂಟು."

"ನಿನಗೆ ನೆಗಡಿ."

"ಅಕ್ಕ ಹಾಕುವುದಾದರೆ ಒಳ್ಳೆಯ ಎಣ್ಣೆ ಹಾಕ್ತಿದ್ರು. ಡೀಸೆಲ್ ಹಾಕುವಷ್ಟು ಕೈ ಸಣ್ಣದಲ್ಲ ಅವರದ್ದು."

ಭಾವ ಹಣತೆಯನ್ನು ನಂದಿಸಿ, ಬಾಟಲಿ ತೆಗೆದುಕೊಂಡು ಸೀದಾ ಹೋಗಿ ಕ್ಯಾಬಿನ್ನಿನಲ್ಲಿ ಕೂತರು.

ಮಾರನೆಯ ದಿನ ಅವರಿಗೆ ತಿಳಿಯದ ಹಾಗೆ ಉಡುಪಿಯ ಮೆಕ್ಯಾನಿಕ್ಕರಿಗೆ ಫೋನ್ ಮಾಡಿದೆ. ಅವರು ಕ್ರಿಶ್ಚಿಯನ್ನರು, ಕೊಂಕಣಿಯವರು. ನಮ್ಮ ಕಡೆ ಅವರನ್ನು ಮರ್ಯಾದೆಯಿಂದ ಪೊರ್ಬು ಎಂದು ಕರೆಯುವುದು ವಾಡಿಕೆ. ನಾನು ಹೇಳಿದ್ದನ್ನೆಲ್ಲ ಕೇಳಿದ ಪೊರ್ಬುಗಳ ಸ್ವರವೇ ಬದಲಾಯಿತು.

"ಅಮ್ಮ, ಲಾರಿ ಹೊರಗೆ ಕಳಿಸ್ಬೇಡಿ. ಎಲ್ಲೋ ಡೀಸೆಲ್ ಲೀಕ್ ಆಗಿ ಎಣ್ಣೆಗೆ ಇಳೀತಾ ಉಂಟು. ಹಾಗಾಗಿ ಏರುವುದು. ತುಂಬಾ ಏರಿದ್ರೆ ಎಂಜಿನ್ ಆ ಎಣ್ಣೆಯನ್ನೇ ಎಳ್ಕೊಂಡು ಕುಡೀಲಿಕ್ಕೆ ಶುರು ಮಾಡ್ತದೆ. ಆಮೇಲೆ ಚಾವಿ ತೆಗೆದ್ರೂ ನಿಲ್ಲುವುದಿಲ್ಲ."

"ನಿಲ್ಲುವುದಿಲ್ಲ ಅಂದ್ರೆ?"

"ಅಂದ್ರೆ ನಿಲ್ಲುವುದಿಲ್ಲ! ತನ್ನಷ್ಟಕ್ಕೆ ಓಡ್ತದೆ, ಒಡೆದುಹೋಗುವವರೆಗೆ. ಎದುರು ನಿಂತವರನ್ನೂ ಬಿಡುವುದಿಲ್ಲ. ಎಲ್ಲಿಯಾದ್ರೂ ಹಾಗೆ ಆದ್ರೆ, ಗಾಳಿ ಎಳೆಯುವ ಪೈಪಿನ ಬಾಯಿಗೆ ಒಂದು ಹಲಗೆ ಅದುಮಿ ಹಿಡೀಬೇಕು. ಕೈ ಅಡ್ಡ ಇಡ್ಬೇಡಿ ಮತ್ತೆ!"

ಆ ಪೈಪು ಎಲ್ಲಿದೆ ಎಂದೂ ಕೇಳಿಕೊಂಡೆ. ಕ್ಯಾಬಿನ್ನಿನ ಹಿಂದೆ, ನನ್ನ ಎದೆಯ ಎತ್ತರಕ್ಕೆ. ದಿನವೂ ಕಂಡದ್ದೇ. ಅದು ಬಾಯಿ ಎಂದು ಗೊತ್ತಿರಲಿಲ್ಲ, ಅಷ್ಟೇ.

ಭಾವನಿಗೆ ಹೇಳಿದೆ. ಕಣ್ಣೀರು ಹಾಕಿದೆ. ಕಾಲು ಹಿಡಿಯುವುದೊಂದು ಬಾಕಿ. ಅವರು ಅನ್ನದ ತಟ್ಟೆಯಲ್ಲಿ ಗೆರೆ ಎಳೆಯುತ್ತಾ ಕೂತಿದ್ದರು.

"ಪೊರ್ಬು ಬಂದ್ರೆ ರಿಪೇರಿ ಮಾಡ್ತಾನೆ."

"ಮಾಡ್ಲಿ ಅಂತಲೇ ಅಲ್ವಾ ಕರೆಯುವುದು?"

"ರಿಪೇರಿ ಆದ್ರೆ ಏರುವುದಿಲ್ಲ."

ಸಾರು ಬಡಿಸಿದೆ.

ಆಟಿ ತಿಂಗಳು, ನಮ್ಮ ತುಳುನಾಡಿನ ಆಷಾಢ, ಬಂತು. ಮಧ್ಯಾಹ್ನಕ್ಕೇ ಕತ್ತಲು, ಹಗಲಿಡೀ ಸಮುದ್ರದ ಮೊರೆತ. ಆಟಿಯಲ್ಲಿ ತೀರಿಹೋದವರಿಗೆ ಬಡಿಸುವ ಕ್ರಮ ನಮ್ಮಲ್ಲುಂಟು. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಎಲೆಗೆ ಬಡಿಸಿ, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಮಾತಿಲ್ಲದೆ ನಿಲ್ಲುವುದು. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ ತೆರೆಯುವುದು. ಆ ದಿನವೂ ಭಾವ ಬೆಳಿಗ್ಗೆ ಒಂದು ಟ್ರಿಪ್ ಕಾರ್ಕಳಕ್ಕೆ ಹೋಗಿದ್ದರು. ಬಂದವರೇ, "ಅವಳ ಎಲೆ ಲಾರಿಯಲ್ಲಿ" ಎಂದರು.

"ಅಣ್ಣ, ಕ್ರಮ ಅಂತ ಒಂದುಂಟಲ್ಲ!" ಎಂದರು ನಮ್ಮ ಮನೆಯವರು.

"ಲಾರಿಯ ಶಬ್ದ ಅಂಗಳದಲ್ಲಿ ಕೇಳದೆ ಅವಳು ಯಾವ ದಿನ ಊಟಕ್ಕೆ ಕೂತದ್ದು, ಹೇಳು!"

ಅದು ಸತ್ಯ. ಎಷ್ಟೇ ಹೊತ್ತಾದರೂ ಅಕ್ಕ ಶಬ್ದ ಕೇಳಿಯೇ ತಟ್ಟೆ ಇಡುತ್ತಿದ್ದದ್ದು. ಹಾಗಾಗಿ ಎಡಗಡೆಯ ಸೀಟಿನ ಮೇಲೆ ಎಲೆ ಹಾಕಿದೆವು. ಕುಚ್ಚಲಕ್ಕಿ ಅನ್ನ, ಪತ್ರೊಡೆ, ಬಂಗುಡೆ ಮೀನಿನ ಗಸಿ, ಬೆಲ್ಲ ಜಾಸ್ತಿ ಹಾಕಿದ ಪಾಯಸ. ಎಲೆಯ ಎದುರು ಇಡಲೆಂದು ತಂದ ಮಣೆ ಸೀಟಿನಲ್ಲಿ ಹಿಡಿಸಲಿಲ್ಲ, ನನ್ನ ಕೈಯಲ್ಲೇ ಉಳಿಯಿತು. ಭಾವ ಎಂಜಿನ್ ಚಾಲೂ ಮಾಡಿ, ಇಳಿದು, ಬಾಗಿಲು ಹಾಕಿದರು. ನಾವೆಲ್ಲ ಮಳೆಯ ಹನಿಯಲ್ಲಿ ತಲೆ ತಗ್ಗಿಸಿ ನಿಂತೆವು.

ಅನ್ನದ ಹಬೆಗೆ ಗಾಜು ಒಳಗಿನಿಂದ ಮಂಜಾಗುತ್ತಾ ಬಂತು. ಮೊದಲು ಎಡಬದಿ. ಒಳಗೆ ಯಾರೋ ಹತ್ತಿರ ಕೂತು ಉಸಿರು ಬಿಟ್ಟ ಹಾಗೆ. ನಾನು ಬಾಯಿಯೊಳಗೇ ಸ್ತೋತ್ರ ಶುರು ಮಾಡಿದೆ. ಮೊದಲ ಸಾಲಿನ ಆಚೆಗೆ ನಾಲಗೆ ಹೋಗಲಿಲ್ಲ.

ಭಾವ ಬಾಗಿಲು ತಟ್ಟಿದರು. ತೆರೆದರು. ಕೈ ಒಳಗೆ ಹಾಕಿ ಚಾವಿ ತಿರುಗಿಸಿ, ಹೊರಗೆ ಎಳೆದುಕೊಂಡರು.

ಎಂಜಿನ್ ನಿಲ್ಲಲಿಲ್ಲ.

ಭಾವ ಅಂಗೈಯ ಚಾವಿ ನೋಡಿದರು. ನಿಲ್ಲಿಸುವ ಗುಂಡಿಯನ್ನೂ ಎಳೆದರು. ಶಬ್ದ ಏರಿತು. ಗೊರಗೊರ ಎನ್ನುತ್ತಿದ್ದದ್ದು ಕಿರುಚಾಟವಾಯಿತು. ಯಾರೂ ಇಲ್ಲದ ಕ್ಯಾಬಿನ್ನು, ಚಾವಿ ಇಲ್ಲದ ಎಂಜಿನ್ನು, ಯಾರೋ ಒಳಗೆ ಕೂತು ಕಾಲಿಟ್ಟು ಅದುಮಿದ ಹಾಗೆ! ಹಿಂದಿನಿಂದ ಬೆಳ್ಳಗಿನ ಹೊಗೆ ಉಕ್ಕಿ ಬಂದು ತುಳಸಿಕಟ್ಟೆ ಕಾಣಿಸಲಿಲ್ಲ, ಮನೆ ಕಾಣಿಸಲಿಲ್ಲ, ನಮ್ಮ ಮನೆಯವರಂತೂ ಮೊದಲೇ ಕಾಣಿಸುತ್ತಿರಲಿಲ್ಲ. ಕಣ್ಣಿಗೆ ಬಿದ್ದದ್ದು ಭಾವ ಒಬ್ಬರೇ. ಓಡಬೇಕಾದವರು ಬಾನೆಟ್ಟಿನ ಎದುರು ಬಂದು ಕೈಮುಗಿದು ನಿಂತಿದ್ದರು.

"ಸಾಕು ಮಾರಾಯ್ತಿ! ಸಾಕು! ನಾನಿಲ್ಲೇ ಇದ್ದೇನೆ, ನಿಲ್ಲಿಸು!"

"ಭಾವ, ಆಚೆ ಬನ್ನಿ!" ಎಂದು ಕೂಗಿದೆ. ಬರುವುದಿಲ್ಲ! ಒಡೆದರೆ ಎದುರು ನಿಂತವರನ್ನು ಬಿಡುವುದಿಲ್ಲ ಎಂದದ್ದು ಕಿವಿಯಲ್ಲುಂಟು. ಕೈಯಲ್ಲಿ ಅಕ್ಕನ ಮಣೆ ಉಂಟು. ಹೊಗೆಯೊಳಗೆ ತಡವಿಕೊಂಡು ಕ್ಯಾಬಿನ್ನಿನ ಹಿಂದೆ ಹೋಗಿ ಆ ಬಾಯಿಗೆ ಮಣೆ ಒತ್ತಿದೆ. ಒತ್ತಿದ್ದೇನು, ಅದೇ ಕಿತ್ತುಕೊಂಡಿತು! ಒಳಗಿನಿಂದ ಯಾರೋ ಎರಡು ಕೈಯಲ್ಲಿ ಹಿಡಿದು ಎಳೆದ ಹಾಗೆ ಟಪ್ಪೆಂದು ಕಚ್ಚಿಕೊಂಡಿತು. ನಾನು ಬೆನ್ನು ಕೊಟ್ಟು, ಕಣ್ಣು ಮುಚ್ಚಿ, "ಅಕ್ಕ, ಬಿಡಿ ಅಕ್ಕ" ಎಂದೆ. ಡೀಸೆಲ್ ಎಂದು ವಾಸನೆ ಹಿಡಿದು ಹೇಳಿದವಳೂ ನಾನೇ, ಅಕ್ಕ ಎಂದು ಬೇಡಿಕೊಂಡವಳೂ ನಾನೇ! ಲಾರಿ ಅಡಿಯಿಂದ ಮುಡಿಯವರೆಗೆ ಒಮ್ಮೆ ನಡುಗಿತು. ಕೆಮ್ಮಿತು. ನಿಂತಿತು.

ಅಷ್ಟು ದೊಡ್ಡ ಮೌನವನ್ನು ನಾನು ಜೀವಮಾನದಲ್ಲಿ ಕೇಳಿದ್ದಿಲ್ಲ. ಸಮುದ್ರ ಕೂಡ ಸುಮ್ಮನಾದ ಹಾಗಿತ್ತು.

"ಅವಳಿಗೆ ಸಿಟ್ಟು ಬಂತು" ಎಂದರು ಭಾವ, ಮಗುವಿನ ಸ್ವರದಲ್ಲಿ.

"ಅಕ್ಕನಿಗಲ್ಲ, ನನಗೆ ಬಂತು!" ಎಂದೆ. "ಅಕ್ಕ ಎಂತಕ್ಕೆ ಜಾಸ್ತಿ ಎಣ್ಣೆ ಹಾಕ್ತಿದ್ದದ್ದು? ದಾರಿ ದೂರ ಉಂಟು, ನೀವು ಮನೆಗೆ ವಾಪಸ್ ಬರ್ಬೇಕು ಅಂತ. ನಿಲ್ಲದ ಲಾರಿಯಲ್ಲಿ ನಿಮ್ಮನ್ನು ಕೂರಿಸುವವರಾ ಅವರು? ಹೇಳಿ ಭಾವ!"

ಭಾವ ಮುಗಿದ ಕೈ ಬಿಟ್ಟರು. ಜೇಬಿನಿಂದ ಫೋನ್ ತೆಗೆದು ತಾವೇ ಪೊರ್ಬುಗಳಿಗೆ ಹಚ್ಚಿದರು. ಆಗುವುದು ಅಂಗಳದಲ್ಲಿ ಆಯಿತು, ಕಲ್ಲು ಹೇರಿಕೊಂಡು ಇಳಿಯುವ ದಾರಿಯಲ್ಲಿ ಆಗಲಿಲ್ಲ. ಇದನ್ನು ಸಣ್ಣ ದಯೆಗಳ ಲೆಕ್ಕಕ್ಕೆ ಸೇರಿಸಲೋ ದೊಡ್ಡದಕ್ಕೋ ನನಗೆ ಇನ್ನೂ ತಿಳಿದಿಲ್ಲ.

ಪೊರ್ಬುಗಳು ಬಂದು, ಟ್ಯಾಂಕಿನಿಂದ ಡೀಸೆಲ್ ಎತ್ತುವ ಪಂಪನ್ನು ಬಿಚ್ಚಿ ತೋರಿಸಿದರು. ಒಳಗಿನ ರಬ್ಬರಿನ ಹಾಳೆ ಹರಿದಿತ್ತು. ಆ ಹರಕಿನಿಂದ ತೊಟ್ಟು ತೊಟ್ಟಾಗಿ ಡೀಸೆಲ್ ಎಣ್ಣೆಗೆ ಇಳಿಯುತ್ತಿತ್ತು. ಇಷ್ಟೇ! ನಮ್ಮ ಮನೆಯನ್ನು ಮಳೆಗಾಲವಿಡೀ ನಡುಗಿಸಿದ್ದು ಒಂದು ಹಪ್ಪಳದಷ್ಟು ರಬ್ಬರು! ಹೊಸ ಪಂಪು ಕೂರಿಸಿ, ಹಾಳಾದ ಎಣ್ಣೆಯೆಲ್ಲ ಇಳಿಸಿ, ಹೊಸ ಎಣ್ಣೆ ತುಂಬಿದರು. ಒಡೆಯುವ ಮೊದಲೇ ನಿಂತದ್ದರಿಂದ ಎಂಜಿನ್ನಿಗೆ ಏನೂ ಆಗಿರಲಿಲ್ಲ. ಕಡ್ಡಿ ಎಳೆದರೆ ಎಣ್ಣೆ ಎರಡು ಗೆರೆಗಳ ನಡುವೆ ಪಾಪದ ಹಾಗೆ ಕೂತಿತ್ತು.

"ಇನ್ನು ಒಂದು ತೊಟ್ಟೂ ಏರುವುದಿಲ್ಲ ಅಣ್ಣ!" ಎಂದರು ಪೊರ್ಬುಗಳು ಹೆಮ್ಮೆಯಿಂದ.

"ಒಳ್ಳೆಯದಾಯ್ತು" ಎಂದರು ಭಾವ. ಸಾವಿನ ಸುದ್ದಿ ಕೇಳಿದವರು ಹೇಳುವ ಹಾಗೆ. ಆ ದಿನ ಗಂಜಿಯನ್ನೂ ಮುಟ್ಟಲಿಲ್ಲ. ಮರುದಿನದಿಂದ ತಲೆ ಬಾಚುವುದು ನಿಂತಿತು. ಪಕ್ಕದ ಸೀಟಿನಲ್ಲಿ ಖಾಲಿ ಸಿಮೆಂಟ್ ಚೀಲ ಬಿತ್ತು. ಪಕ್ಕದ ಮನೆಯವರಿಗೆ ಈಗ ಲಾರಿ ಹತ್ತಲು ತೊಂದರೆ ಇರಲಿಲ್ಲ, ಆದರೆ ಅವರು ಹತ್ತಬೇಕಲ್ಲ!

ಎಣ್ಣೆಯ ಗುಟ್ಟು ಪಂಪಿನಲ್ಲಿ ಸಿಕ್ಕಿತು. ಸರಿ. ಕಂಬದ ಗುಟ್ಟು? ರಬ್ಬರಿನ ಹಾಳೆ ಹರಿದರೆ ಕಂಬಕ್ಕೆ ಬೆರಳು ಒರೆಸುತ್ತದೆಯೇ? ಲಾರಿ ರಿಪೇರಿಯಾದ ಮೇಲೂ ಬುಡದಲ್ಲಿ ಒದ್ದೆ ಗುರುತು ಹೊಸದಾಗಿ ಬರುತ್ತಲೇ ಇತ್ತು. ಈ ಸಲ ನಾನು ಯಾರಿಗೂ ಹೇಳಲಿಲ್ಲ. ದೇವರ ದೀಪಕ್ಕೆ ಒಂದು ಬತ್ತಿ ಜಾಸ್ತಿ ಹಾಕತೊಡಗಿದೆ, ಅಷ್ಟೇ.

ಒಂದು ಬೆಳಿಗ್ಗೆ, ಬೆಳಕು ಹರಿಯುವ ಹೊತ್ತಿಗೆ, ತುಳಸಿಗೆ ನೀರು ಹಾಕಲೆಂದು ದಿನಕ್ಕಿಂತ ಬೇಗ ಹೊರಗೆ ಬಂದೆ. ಲಾರಿಯ ಬಾನೆಟ್ ತೆರೆದಿತ್ತು. ಕಂಬದ ಹತ್ತಿರ ಏನೋ ಒಂದು ಮೆಲ್ಲಗೆ ಕುಸಿಯುತ್ತಿತ್ತು. ತಂಬಿಗೆ ಕೈಯಿಂದ ಜಾರುವುದೊಂದು ಬಾಕಿ. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ, ಭಾವ.

ಒಂದು ಕೈಯಲ್ಲಿ ಚಕ್ರ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು, ಆ ಉದ್ದದ ದೇಹವನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸುತ್ತಿದ್ದರು. ಮೊಣಕಾಲು ಕಟಕಟ ಎಂದದ್ದು ನನಗೆ ಇಲ್ಲಿಗೇ ಕೇಳಿತು. ಬಿದ್ದ ನಾಣ್ಯಕ್ಕೆ ಬಗ್ಗದ ಮನುಷ್ಯ! ಪೂರ್ತಿ ಕೆಳಗೆ ಮುಟ್ಟಿದ ಮೇಲೆ, ಎಣ್ಣೆಯ ಬೆರಳನ್ನು ಕಂಬದ ಬುಡಕ್ಕೆ, ಅಕ್ಕ ಒರೆಸುತ್ತಿದ್ದ ಎತ್ತರಕ್ಕೇ, ಮಾಸಿಹೋದ ಒಂದು ಗುರುತಿನ ಮೇಲೆ ಸರಿಯಾಗಿ ಒತ್ತಿದರು. ಸ್ವಲ್ಪ ಹೊತ್ತು ಬೆರಳು ತೆಗೆಯಲಿಲ್ಲ.

ನಾನು ಬಂದ ಹೆಜ್ಜೆಯಲ್ಲೇ ಒಳಗೆ ಹೋದೆ. ಪಾತ್ರೆ ಸದ್ದು ಮಾಡಿದೆ, ಬೇಕೆಂದೇ ಎರಡು ಸಲ ಕೆಮ್ಮಿದೆ. ದೀಪ ಹಚ್ಚಿ ಹೊರಗೆ ಬರುವಾಗ ಭಾವ ಕ್ಯಾಬಿನ್ನಿನಲ್ಲಿ ಕೂತು ಮೋಡ ನೋಡುತ್ತಿದ್ದರು.

"ಉಂಟಾ?"

ಕಡ್ಡಿ ಎಳೆದೆ, ಒರೆಸಿದೆ, ಚುಚ್ಚಿದೆ, ಎಳೆದೆ. ಎರಡು ಗೆರೆಗಳ ನಡುವೆ.

"ಉಂಟು ಭಾವ."

ಚಿಂದಿಬಟ್ಟೆ ಬಾನೆಟ್ಟಿನ ಮೇಲೆಯೇ ಇತ್ತು. ತೆಗೆದುಕೊಳ್ಳಲಿಲ್ಲ. ಬಗ್ಗಿ, ಬೆರಳನ್ನು ಕಂಬದ ಬುಡಕ್ಕೆ ಒರೆಸಿ ಒಳಗೆ ಬಂದೆ. ಬೆನ್ನ ಹಿಂದೆ ಎಂಜಿನ್ ಚಾಲೂ ಆಗಲು ತುಂಬಾ ಹೊತ್ತು ಹಿಡಿಯಿತು.

ಈಗ ದಿನವೂ ಹಾಗೆಯೇ ಮಾಡುತ್ತೇನೆ. ದೇವರ ದಯೆಯಿಂದ ನನ್ನ ಮೊಣಕಾಲು ಗಟ್ಟಿ ಉಂಟು.